ಒಳಗೇ ಇರುವ ಗ್ರಾಫಿಕ್ಸ್‌ಗೆ ಎಚ್‌ಡಿ ವಿಡಿಯೊ ಭಾರವೇ?

ಪ್ರಶ್ನೆ: ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ 2017ರ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ 1080ಪಿ ವಿಡಿಯೊ ಹಾಕಿದರೆ ಧ್ವನಿ ಸರಿಯಾಗಿ ಬರುತ್ತದೆ, ಆದರೆ ಚಿತ್ರ ತಡೆತಡೆದು ಓಡುತ್ತದೆ. ಇದು ಗ್ರಾಫಿಕ್ಸ್‌ನ ಮಿತಿಯೇ?

ಉತ್ತರ 1: ಖಂಡಿತ ಅಲ್ಲ. ಆ ಚಿಪ್‌ನೊಳಗೆ ಎಚ್.264 ಎಂಬ ಸಂಕುಚನ ಮಾದರಿಯ ವಿಡಿಯೊವನ್ನು ಡಿಕೋಡ್ ಮಾಡುವುದಕ್ಕೆಂದೇ (ಬಿಡಿಸಿ ಚಿತ್ರವಾಗಿಸುವುದಕ್ಕೆಂದೇ) ಬೇರೆ ವಿಭಾಗವಿದ್ದು, 1080ಪಿ ಅದಕ್ಕೆ ಹೊರೆಯಲ್ಲ. ಆದರೆ ವಿಡಿಯೊ ಎವಿ1 ಎಂಬ ಇನ್ನೂ ಹೊಸ ಸಂಕುಚನ ಮಾದರಿಯದಾಗಿದ್ದರೆ, 2020ರ ಟೈಗರ್ ಲೇಕ್‌ಗಿಂತ ಹಿಂದಿನ ಇಂಟೆಲ್ ಚಿಪ್‌ಗಳಲ್ಲಿ ಆ ಸೌಲಭ್ಯವಿಲ್ಲದ ಕಾರಣ ಕೆಲಸವೆಲ್ಲ ಪ್ರೊಸೆಸರ್‌ನ ಮೇಲೆ ಬೀಳುತ್ತದೆ.

ಉತ್ತರ 2: ವಿಡಿಯೊ ಓಡುತ್ತಿರುವಾಗಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನ ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ ‘ವಿಡಿಯೊ ಡಿಕೋಡ್’ ಗ್ರಾಫ್ ನೋಡಿ. ಅದು ಸೊನ್ನೆಯಲ್ಲೇ ನಿಂತಿದ್ದರೆ ಬ್ರೌಸರ್‌ನ ಹಾರ್ಡ್‌ವೇರ್ ಆಕ್ಸಿಲರೇಷನ್ (ವಿಡಿಯೊ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಸೆಟ್ಟಿಂಗ್) ಆಫ್ ಆಗಿರಬಹುದು.

ಪ್ರಶ್ನೆ ಕೇಳಿದವರು: ಆಫ್ ಆಗಿಯೇ ಇತ್ತು. ಆನ್ ಮಾಡಿ ಬ್ರೌಸರನ್ನು ಮತ್ತೆ ತೆರೆದ ಮೇಲೆ ಚಿತ್ರ ಸರಾಗವಾಗಿ ಓಡುತ್ತಿದೆ, ಫ್ಯಾನ್‌ನ ಸದ್ದೂ ಅಡಗಿದೆ. ಇಬ್ಬರಿಗೂ ಧನ್ಯವಾದಗಳು.