ಓದುಗರ ಸ್ಪಂದನ: ‘ಹೊಸ ರಕ್ತ’ ಬೇಕಂತೆ, ಸಹಿ ಹಾಕಲೇ?

ಕಳೆದ ವಾರದ ಪತ್ರ: ಅಮೆರಿಕದಲ್ಲಿ ಟೆಸ್ಟಿಂಗ್ ಮ್ಯಾನೇಜರ್ ಆಗಿರುವ ಓದುಗರಿಗೆ 54 ವರ್ಷ, ಬರುವ ಮಾರ್ಚಿಗೆ 55 ತುಂಬುತ್ತದೆ. ಅಕ್ಟೋಬರ್ 14ರಂದು ಲೇಆಫ್ ಪತ್ರ ಕೈಗೆ ಬಂದಿದೆ. ಕೊನೆಯ ದಿನ ಡಿಸೆಂಬರ್ 19. ತಂಡದ 26 ಮಂದಿಯಲ್ಲಿ 9 ಜನರನ್ನು ತೆಗೆಯುತ್ತಿದ್ದಾರೆ. 16 ವಾರದ ಸಂಬಳ ಕೊಡುತ್ತೇವೆ, ಕಂಪನಿಯ ಮೇಲೆ ಕೇಸ್ ಹಾಕುವ ಹಕ್ಕು ಬಿಟ್ಟೆ ಎಂಬ ಕಾಗದಕ್ಕೆ ವಾರದೊಳಗೆ ಸಹಿ ಹಾಕಿ, ಇಲ್ಲದಿದ್ದರೆ ಆಫರ್ ವಾಪಸ್ ಎಂದು ಎಚ್‌ಆರ್ ಇಮೇಲ್ ಕಳಿಸಿದೆ. ‘ತಂಡಕ್ಕೆ ಹೊಸ ರಕ್ತ ಬೇಕು’ ಎಂದು ಬಾಸ್ ಮೀಟಿಂಗಿನಲ್ಲೇ ಹೇಳಿದ್ದರಂತೆ. ‘ಈ ವಯಸ್ಸಿಗೆ ಕೋರ್ಟು ಕಚೇರಿ ಯಾಕೆ’ ಎನ್ನುತ್ತಿದ್ದಾರೆ ಮನೆಯವರು.

*

ಮೇಡಂ, ಆ ‘ಒಂದು ವಾರ’ಕ್ಕೆ ಹೆದರಬೇಡಿ. ಅಮೆರಿಕದ ವಯೋ ತಾರತಮ್ಯ ಕಾಯ್ದೆ 1967ರದ್ದು. 20 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ 40 ತುಂಬಿದವರಿಗೆಲ್ಲ ಅದರ ರಕ್ಷಣೆಯಿದೆ. ಈ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಳ್ಳುವುದಕ್ಕೂ ನಿಯಮವಿದೆ, ಅದು 1990ರಲ್ಲಿ ಬಂತು. ಒಬ್ಬರನ್ನೇ ತೆಗೆದರೆ ಯೋಚಿಸಲು 21 ದಿನ, ಗುಂಪಾಗಿ ತೆಗೆದರೆ 45 ದಿನ. ನಿಮ್ಮದು ಗುಂಪು. ಸಹಿ ಹಾಕಿದ ಮೇಲೂ 7 ದಿನದೊಳಗೆ ಮನಸ್ಸು ಬದಲಿಸಬಹುದು. ಆ ಏಳು ದಿನವನ್ನು ಇಬ್ಬರೂ ಒಪ್ಪಿದರೂ ಕಡಿತ ಮಾಡುವಂತಿಲ್ಲ. ನೀವಾಗಿಯೇ ಬೇಗ ಸಹಿ ಹಾಕಿದರೆ ತಪ್ಪಿಲ್ಲ. ‘ತಡವಾದರೆ ಆಫರ್ ವಾಪಸ್’ ಎಂದು ಹೆದರಿಸಿ ಹಾಕಿಸಿದ ಸಹಿ ಮಾತ್ರ ವಯಸ್ಸಿನ ದೂರಿನ ಮಟ್ಟಿಗೆ ನಿಲ್ಲುವುದಿಲ್ಲ. ಆ ಇಮೇಲ್ ಕಳೆದುಕೊಳ್ಳಬೇಡಿ.

16 ವಾರ ಎಂದದ್ದನ್ನೂ ಬಿಡಿಸಿ ನೋಡಿ. ಹೇಗೂ ನಿಮಗೆ ಬರಬೇಕಾದ ರಜೆಯ ಹಣ, ಗಳಿಸಿಟ್ಟ ಬೋನಸ್ಸನ್ನು ಅದರೊಳಗೆ ತುರುಕಿದ್ದರೆ ಲೆಕ್ಕಕ್ಕಿಲ್ಲ. ಹಕ್ಕು ಬಿಡುವುದಕ್ಕೆ ಕೊಡುವ ಹಣ ಇವುಗಳ ಮೇಲೆ ಬೇರೆಯಾಗಿಯೇ ಇರಬೇಕು.

ಇನ್ನೊಂದು, ಬಹಳ ಜನ ಎಡವುವ ಜಾಗ. ಇಇಒಸಿ ಎಂಬ ಸರ್ಕಾರಿ ಆಯೋಗಕ್ಕೆ ದೂರು ಕೊಡಲು 180 ದಿನ. ನಿಮ್ಮ ರಾಜ್ಯದಲ್ಲೂ ಇಂಥ ಕಾನೂನು, ಅದನ್ನು ಜಾರಿ ಮಾಡುವ ಕಚೇರಿ ಇದ್ದರೆ 300. ಎಣಿಕೆ ಶುರುವಾಗುವುದು ಪತ್ರ ಕೊಟ್ಟ ಅಕ್ಟೋಬರ್ 14ರಿಂದ, ಡಿಸೆಂಬರ್ 19ರಿಂದಲ್ಲ. ಏಪ್ರಿಲ್ ಎರಡನೇ ವಾರವೇ ಗಡುವು ಎಂದುಕೊಂಡು ನಡೆದರೆ ಕ್ಷೇಮ. ದೂರು ಕೊಡುವುದೆಂದರೆ ಕೋರ್ಟ್ ಮೆಟ್ಟಿಲು ಹತ್ತುವುದಲ್ಲ ಎಂದು ಮನೆಯವರಿಗೂ ಹೇಳಿ. ಅದಕ್ಕೆ ಶುಲ್ಕವೂ ಇಲ್ಲ.
– ಉದ್ಯೋಗ ಕಾನೂನು ಬಲ್ಲವರು

*

ಗುಂಪು ಲೇಆಫ್‌ನ ಕಾಗದಗಳ ಕೊನೆಯಲ್ಲಿ ಒಂದು ಪಟ್ಟಿ ಇರಲೇಬೇಕು. ಯಾವ ವಿಭಾಗದಿಂದ ಆರಿಸಿದರು, ಯಾವ ಹುದ್ದೆ, ಯಾವ ವಯಸ್ಸು, ಎಷ್ಟು ಮಂದಿ ಹೊರಗೆ, ಎಷ್ಟು ಮಂದಿ ಒಳಗೆ. ಹೆಸರು ಹಾಕಬೇಕಿಲ್ಲ. ವಯಸ್ಸು ಮಾತ್ರ 47, 48, 49 ಎಂದು ಒಂದೊಂದಾಗಿ ಬರಬೇಕು. ‘40ರಿಂದ 50’ ಎಂದು ಕಂತೆ ಕಟ್ಟಿದರೆ ಸಲ್ಲದು. ಪಟ್ಟಿಯೇ ಇಲ್ಲದಿದ್ದರೆ ಬರಹದಲ್ಲಿ ಕೇಳಿ.

ಸಿಕ್ಕ ಮೇಲೆ ಲೆಕ್ಕ ಹೀಗೆ. 26ರಲ್ಲಿ 40 ತುಂಬಿದವರು 14, ಹೊರಬಿದ್ದ 9ರಲ್ಲಿ ಅವರು 8 ಅಂದುಕೊಳ್ಳೋಣ. ‘9ರಲ್ಲಿ 8’ ಎಂದು ಕೂಗಿ ಪ್ರಯೋಜನವಿಲ್ಲ, ತಂಡದಲ್ಲಿ ಹಿರಿಯರೇ ತುಂಬಿದ್ದರೆ ಹಾಗೆ ಆಗಿಯೇ ಆಗುತ್ತದೆ. ಭಾಗಿಸಬೇಕಾದ್ದು ಆಯಾ ಗುಂಪಿನಿಂದ: 14ರಲ್ಲಿ 8 ಅಂದರೆ ಶೇ 57, ಕಿರಿಯ 12ರಲ್ಲಿ 1 ಅಂದರೆ ಶೇ 8. ಈ ಅಂತರ ಯಾವ ವಕೀಲರ ಕಣ್ಣಿಗೂ ಬೀಳುತ್ತದೆ. ಆದರೆ ಆ ಎಂಟೂ ಜನ ಒಂದೇ ಹಳೆಯ ಪ್ರಾಡಕ್ಟಿನಲ್ಲಿದ್ದು, ಕಂಪನಿ ಆ ಪ್ರಾಡಕ್ಟನ್ನೇ ಮುಚ್ಚಿದ್ದರೆ? ಅಂಕಿ ಗಾಳಿಗೆ ಹೋಯಿತು. ಅದಕ್ಕೇ ಹುದ್ದೆವಾರು ಇನ್ನೊಮ್ಮೆ ಮಾಡಿ. ಹೋದ ವರ್ಷ ಸೇರಿದ ಹುಡುಗರನ್ನು ‘ಬೇರೆ ವಿಭಾಗ’ ಎಂದು ಪಟ್ಟಿಯಿಂದಲೇ ಆಚೆ ಇಟ್ಟಿದ್ದಾರೆಯೇ ಎಂಬುದನ್ನೂ ನೋಡಿ. ಆಟ ನಡೆಯುವುದು ಹೆಚ್ಚಾಗಿ ಅಲ್ಲೇ.

ನಿಮ್ಮ ಕೆಲಸ 42ರವರಿಗೆ ಹೋದರೆ ‘ಅವರಿಗೂ 40 ದಾಟಿದೆಯಲ್ಲ’ ಎನ್ನುತ್ತಾರೆ. ಆ ವಾದ ನಡೆಯುವುದಿಲ್ಲ. 56ರವರ ಜಾಗಕ್ಕೆ 40ರವರು ಬಂದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ತಳ್ಳಿಹಾಕಿದೆ. ವಯಸ್ಸಿನ ಅಂತರ ಎಷ್ಟು ಎಂಬುದು ಮುಖ್ಯ.
– ಅಂಕಿಸಂಖ್ಯೆ ಓದುವವರು

*

ಮೇಲಿನವರು ಧೈರ್ಯ ತುಂಬಿದ್ದು ಸರಿ, ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ. ‘ಹೊಸ ರಕ್ತ’ ಎಂಬ ಮಾತೊಂದರಿಂದ ಕೇಸ್ ಗೆಲ್ಲಲಾಗದು. ಆಡಿದವರೇ ಪಟ್ಟಿ ಮಾಡಿದರೇ, ಎಷ್ಟು ದಿನ ಮೊದಲು ಆಡಿದರು, ಕೇಳಿದವರು ಯಾರು ಎಂಬುದೆಲ್ಲ ಬೇಕು. ಅದೇ ಸುಪ್ರೀಂ ಕೋರ್ಟಿನ 2009ರ ತೀರ್ಪಿನಿಂದಾಚೆಗೆ ವಯಸ್ಸೂ ಒಂದು ಕಾರಣ ಎಂದರೆ ಸಾಲದು, ವಯಸ್ಸಿಲ್ಲದಿದ್ದರೆ ತೆಗೆಯುತ್ತಲೇ ಇರಲಿಲ್ಲ ಎಂದು ತೋರಿಸಬೇಕು. ‘ಸಂಬಳ ಜಾಸ್ತಿ, ಅದಕ್ಕೆ ತೆಗೆದೆವು’ ಎಂಬುದು ಕೇಳಲು ಎಷ್ಟೇ ಕಹಿಯಾದರೂ ಅಷ್ಟರಿಂದಲೇ ವಯೋ ತಾರತಮ್ಯವಾಗುವುದಿಲ್ಲ.

ಸಿಟ್ಟಿನಲ್ಲಿ ಆಫೀಸಿನ ಗೋಪ್ಯ ಫೈಲುಗಳನ್ನು ಜಿಮೇಲಿಗೆ ಕಳಿಸಿಕೊಳ್ಳಬೇಡಿ. 1995ರ ಒಂದು ತೀರ್ಪು ಇಂಥದ್ದೇ ನೌಕರರದ್ದು, 62 ವರ್ಷ. ಕಾಗದ ನಕಲು ಮಾಡಿದ್ದು ಆಮೇಲೆ ಗೊತ್ತಾಯಿತು. ಕೇಸ್ ಉಳಿಯಿತು, ಆದರೆ ಇಂಥ ಕಡೆ ಕೆಲಸ ವಾಪಸ್ ಸಿಗುವುದಿಲ್ಲ, ಬಾಕಿ ಸಂಬಳವೂ ಸಾಮಾನ್ಯವಾಗಿ ಅದು ಗೊತ್ತಾದ ದಿನಕ್ಕೇ ನಿಲ್ಲುತ್ತದೆ ಎಂದಿತು ಕೋರ್ಟ್. ನಿಮ್ಮ ಆಫರ್ ಲೆಟರ್, ವರ್ಷಾವರ್ಷದ ರೇಟಿಂಗ್, ಬೋನಸ್ ಪತ್ರ ಇದ್ದರೆ ಸಾಕು. ಮಿಕ್ಕಿದ್ದನ್ನು ಮನೆಯಲ್ಲಿ ಕೂತು ತಾರೀಕು ಹಾಕಿ ಬರೆದಿಡಿ.
– ಎಚ್‌ಆರ್ ಕಡೆಯ ಕೆಲಸ ಗೊತ್ತಿರುವವರು

*

ಎಲ್ಲರೂ ಕಾನೂನು ಹೇಳಿದರು. ಡಿಸೆಂಬರ್ 19 ಎಂಬ ತಾರೀಕನ್ನು ಯಾರೂ ನೋಡಲಿಲ್ಲ. 55 ತುಂಬುವ ಕ್ಯಾಲೆಂಡರ್ ವರ್ಷದಲ್ಲಿ ಅಥವಾ ಆಮೇಲೆ ಕೆಲಸ ಬಿಟ್ಟವರು ಅದೇ ಕಂಪನಿಯ 401(ಕೆ) ಖಾತೆಯಿಂದ, ಅಂದರೆ ಕಂಪನಿ ಮೂಲಕ ಕೂಡಿಟ್ಟ ನಿವೃತ್ತಿ ಹಣದಿಂದ, ಬೇಗ ತೆಗೆದದ್ದಕ್ಕೆ ಬೀಳುವ ಶೇ 10ರ ದಂಡವಿಲ್ಲದೆ ಹಣ ತೆಗೆಯಬಹುದು. ಆದಾಯ ತೆರಿಗೆ ಇದ್ದೇ ಇದೆ. ನಿಮ್ಮ ಹುಟ್ಟುಹಬ್ಬ ಮಾರ್ಚಿನಲ್ಲಾದರೂ ಜನವರಿ 2ಕ್ಕೆ ಹೊರಬಿದ್ದರೆ ಈ ಸವಲತ್ತು ಸಿಗುತ್ತದೆ, ಡಿಸೆಂಬರಿನಲ್ಲಾದರೆ ಇಲ್ಲ. ಬರೀ ಎರಡು ವಾರದ ವ್ಯತ್ಯಾಸ. ಹಾಗಾಗಿ 16 ವಾರವನ್ನು 20 ಮಾಡಿ ಎಂದು ಜಗ್ಗುವ ಮೊದಲು ಕೊನೆಯ ದಿನ ಜನವರಿಗೆ ಹಾಕಿ ಎಂದು ಕೇಳಿ. ಸಂಬಳವಿಲ್ಲದ ರಜೆಯಲ್ಲಿ ಇಟ್ಟರೂ ಪರವಾಗಿಲ್ಲ ಎನ್ನಿ, ಕಂಪನಿಗೆ ಹೆಚ್ಚು ಖರ್ಚಿಲ್ಲದ್ದು.

ಆಮೇಲೆ ಆ ಹಣವನ್ನು ಅವಸರದಲ್ಲಿ ಐಆರ್‌ಎಗೆ (ಸ್ವಂತ ಹೆಸರಿನಲ್ಲಿ ತೆರೆಯುವ ನಿವೃತ್ತಿ ಖಾತೆ) ವರ್ಗಾಯಿಸಬೇಡಿ. ಅಲ್ಲಿ ಈ ನಿಯಮವಿಲ್ಲ, ಸಾಮಾನ್ಯವಾಗಿ 59½ ಆಗುವ ತನಕ ಕಾಯಬೇಕು. ಕಂತಿನಲ್ಲಿ ತೆಗೆಯಲು ನಿಮ್ಮ ಪ್ಲಾನ್ ಬಿಡುತ್ತದೆಯೇ, ಇಲ್ಲ ಒಂದೇ ಸಲ ಪೂರ್ತಿ ತೆಗೆಯಬೇಕೇ ಎಂಬುದನ್ನು ಪ್ಲಾನ್ ನಡೆಸುವವರನ್ನೇ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಅದು ಕೈಗೆ ಬಂದ ಮೇಲೆ ಸಹಿಯ ಮಾತು.
– ನಿವೃತ್ತಿ ಹಣದ ಲೆಕ್ಕ ಬಲ್ಲವರು