ಅಜ್ಜನ ಮನೆಯ ವಾಲ್ವ್ ರೇಡಿಯೊ: ಬ್ಯಾಟರಿ ಸೆಟ್ಟೋ, ಕರೆಂಟಿನ ಸೆಟ್ಟೋ?

ಬಾರ್ಕೂರು ಹುಡುಗ

ಎಲ್ಲರಿಗೂ ನಮಸ್ಕಾರ. ಬಾರ್ಕೂರಿನ ಅಜ್ಜನ ಮನೆಯ ಅಟ್ಟದಲ್ಲಿ ಒಂದು ಫಿಲಿಪ್ಸ್ ರೇಡಿಯೊ ಸಿಕ್ಕಿದೆ. ಮರದ ಪೆಟ್ಟಿಗೆ, ಗಾಜಿನ ಡಯಲ್. ಹಿಂದಿನ ರಟ್ಟನ್ನು ಗೆದ್ದಲು ತಿಂದಿದೆ. ಮಾದರಿ ಸಂಖ್ಯೆಯಲ್ಲಿ ಕೊನೆಯ ‘ಬಿ’ ಅಕ್ಷರ ಮಾತ್ರ ಓದಲು ಬರುತ್ತದೆ. ಕರೆಂಟಿನ ವೈರ್ ಇದೆ. ಪ್ಲಗ್ ಹಾಕಿದರೆ ಗುಂಯ್ ಅಂತ ಜೋರು ಸದ್ದು, ಸ್ಟೇಷನ್ ಒಂದೂ ಇಲ್ಲ. ವಾಲ್ವ್ (ಗಾಜಿನ ಬುರುಡೆಗಳು) ನಾಲ್ಕೇ: ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96. ಅವು ಉರಿಯುವುದೇ ಕಾಣುವುದಿಲ್ಲ. ರಿಪೇರಿಯವರೊಬ್ಬರು “ಯಾವುದೋ ಸೆಟ್ಟಿನ ವಾಲ್ವ್ ಹಾಕಿದ್ದಾರೆ, ಎಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸೋಣ” ಅಂದರು. ನನಗೆ ಮನಸ್ಸಾಗಲಿಲ್ಲ. ಇದು ಮೂಲದಲ್ಲಿ ಏನಾಗಿತ್ತು ಅಂತ ಹೇಗೆ ತಿಳಿಯುವುದು?

ಕುಂಜಿಬೆಟ್ಟು ವಾಲ್ವ್

ಕೀಳಿಸಬೇಡಿ ಮಾರಾಯ್ರೇ! ವಾಲ್ವ್ ಅದರದ್ದೇ. ಬದಲಾದದ್ದು ಕರೆಂಟ್ ಕೊಡುವ ಭಾಗ.

ವಾಲ್ವ್ ಹೆಸರಿನ ಮೊದಲ ಅಕ್ಷರ ನೋಡಿ. ‘ಇ’ ಇದ್ದರೆ ಒಳಗೆ ಕಾಯುವ ಹೀಟರಿಗೆ 6.3 ವೋಲ್ಟ್. ‘ಡಿ’ ಅಂದರೆ 1.4 ವೋಲ್ಟ್, ಅಂದರೆ ಬ್ಯಾಟರಿ ಸೆಟ್ಟಿನ ವಾಲ್ವ್. ನಿಮ್ಮ ನಾಲ್ಕೂ ಒಂದೇ ಸಂಸಾರದವು, ಒಂದು ರೇಡಿಯೊಗೆ ಬೇಕಾದ ಪೂರ್ತಿ ಜೋಡಣೆ. ಕರೆಂಟಿನ ಸೆಟ್ಟಾಗಿದ್ದರೆ ಎಸಿಯನ್ನು ಡಿಸಿ ಮಾಡಲು ಇಝಡ್ 80 ತರಹದ ಐದನೇ ವಾಲ್ವ್ ಸಾಮಾನ್ಯವಾಗಿ ಇರುತ್ತಿತ್ತು. ಹಳೇ ಫಿಲಿಪ್ಸ್ ಮಾದರಿಗಳಲ್ಲಿ ಕೊನೆಯ ‘ಎ’ ಅಂದರೆ ಎಸಿ, ‘ಯು’ ಅಂದರೆ ಎಸಿ-ಡಿಸಿ ಎರಡೂ, ‘ಬಿ’ ಅಂದರೆ ಬ್ಯಾಟರಿ. ಎಲ್ಲ ಒಂದಕ್ಕೊಂದು ಹೊಂದುತ್ತಿದೆ ಅಲ್ವಾ? ಉರಿಯುವುದು ಕಾಣದಿದ್ದರೂ ಹೆದರಬೇಡಿ. ಈ ವಾಲ್ವಿನೊಳಗೆ ಕಾಯುವ ತಂತಿ, ಅಂದರೆ ಫಿಲಮೆಂಟ್, ಕೂದಲಿಗಿಂತ ತೆಳು, ಕತ್ತಲಲ್ಲೂ ಕಂಡರೆ ಕಂಡಿತು.

ನಮ್ಮ ಕಡೆ ಹಳ್ಳಿಗಳಿಗೆ ಕರೆಂಟ್ ಬಂದ ಮೇಲೆ ಇಂಥ ಸೆಟ್ಟಿಗೆ ಎಲಿಮಿನೇಟರ್, ಅಂದರೆ ಬ್ಯಾಟರಿಯ ಬದಲು ಮನೆಯ ಕರೆಂಟಿನಿಂದ ಡಿಸಿ ಕೊಡುವ ಭಾಗ, ಕೂರಿಸುತ್ತಿದ್ದರು. ದುಬಾರಿ ಬ್ಯಾಟರಿ ತರುವ ಕಷ್ಟ ತಪ್ಪುತ್ತಿತ್ತು.

ಇನ್ನು ಪ್ಲಗ್ ಹಾಕಬೇಡಿ. ಚಾಸಿಯನ್ನು (ವಾಲ್ವ್ ಕೂತಿರುವ ಲೋಹದ ತಟ್ಟೆ) ಹೊರಗೆ ತೆಗೆದು ಹಗಲು ಬೆಳಕಿನಲ್ಲಿ ನೋಡಿ. ಟ್ರಾನ್ಸ್‌ಫಾರ್ಮರ್ ಕೂರಿಸಿದ್ದು ರಿವೆಟ್ಟಿನಿಂದಲೋ, ಸ್ಕ್ರೂನಿಂದಲೋ? ಕಂಪನಿಯ ತೂತು ಅಚ್ಚಿನಲ್ಲಿ ಒತ್ತಿದ್ದು, ಅಂಚು ನುಣುಪಾಗಿರುತ್ತದೆ. ಆಮೇಲೆ ಕೊರೆದ ತೂತಿನ ಅಂಚು ಒರಟು. ಉಪ್ಪುಗಾಳಿಗೆ ತುಕ್ಕು ಮೊದಲು ಹಿಡಿಯುವುದೇ ಅಲ್ಲಿ, ಲೇಪ ಹೋಗಿರುತ್ತದಲ್ಲ. ಬೆಸುಗೆಯನ್ನೂ ನೋಡಿ. ಕಂಪನಿಯವರು ತಂತಿಯನ್ನು ಟ್ಯಾಗಿಗೆ ಸುತ್ತಿ ಆಮೇಲೆ ಬೆಸುಗೆ ಹಾಕುತ್ತಿದ್ದರು. ಸುಮ್ನೆ ಮುಟ್ಟಿಸಿ ಉಂಡೆಯಂತೆ ಬೆಸುಗೆ ಇಟ್ಟಿದ್ದರೆ ಅದು ಹೊರಗಿನ ಕೈ.

ಬಂದರು ಗುಜರಿ

ಪೆಟ್ಟಿಗೆಯ ಕೆಳಭಾಗ ಖಾಲಿ ಇದೆಯಾ? ಬ್ಯಾಟರಿ ಅಲ್ಲೇ ಕೂರುತ್ತಿದ್ದದ್ದು. ಪೆಟ್ಟಿಗೆ ನೋಡಿ ಮೋಸ ಹೋಗಬೇಡಿ, ಪೆಟ್ಟಿಗೆ ಒಂದು, ಚಾಸಿ ಇನ್ನೊಂದು ಮಾಡಿದ ಸೆಟ್ ನನಗೆ ಬೇಕಾದಷ್ಟು ಸಿಕ್ಕಿವೆ. ನಾಬಿನ ದಂಡ ಮರದ ತೂತಿನ ನಡುವಿಗೆ ಬರಬೇಕು. ಡಯಲ್ ಮುಳ್ಳು ಗಾಜಿನ ಈ ತುದಿಯಿಂದ ಆ ತುದಿಗೆ ಸರಿಯಾಗಿ ಓಡಬೇಕು.

ಬಾರ್ಕೂರು ಹುಡುಗ

ನೋಡಿದೆ. ಟ್ರಾನ್ಸ್‌ಫಾರ್ಮರಿಗೆ ನಾಲ್ಕು ಸ್ಕ್ರೂ, ನಾಲ್ಕು ತೂತಿನ ಸುತ್ತಲೂ ತುಕ್ಕು. ಪಕ್ಕದಲ್ಲಿ ಎಸಿಯನ್ನು ಡಿಸಿ ಮಾಡುವ ಸಣ್ಣ ಕಪ್ಪು ಡಯೋಡ್‌ಗಳು. ಚಾಸಿಯಿಂದ ಬಟ್ಟೆ ಸುತ್ತಿದ ನಾಲ್ಕು ವೈರ್ ಹೊರಗೆ ಬಂದು ಅರ್ಧಕ್ಕೆ ಕತ್ತರಿಸಿವೆ, ತುದಿಗೆ ಮೇಣದ ದಾರ ಕಟ್ಟಿದ್ದಾರೆ. ಪೆಟ್ಟಿಗೆಯ ಕೆಳಗೆ ಖಾಲಿ ಜಾಗ, ಹಲಗೆಯ ಮೇಲೆ ಚೌಕಾಕಾರದ ಹಸಿರು ಕಲೆ. ನಾಬ್, ಮುಳ್ಳು ಎರಡೂ ಸರಿ ಕೂತಿವೆ.

ಕುಂಜಿಬೆಟ್ಟು ವಾಲ್ವ್

ಆ ನಾಲ್ಕು ವೈರೇ ಸಾಕ್ಷಿ. ಎರಡು ಫಿಲಮೆಂಟಿನ 1.4 ವೋಲ್ಟಿಗೆ, ಎರಡು 90 ವೋಲ್ಟಿನ ಬ್ಯಾಟರಿಗೆ. ತುದಿ ಕಟ್ಟಿಟ್ಟವರು ಜಾಗ್ರತೆಯ ಕೆಲಸಗಾರರು.

ಗುಂಯ್ ಸದ್ದಿಗೆ ನನ್ನ ಅನುಮಾನ ಎಲಿಮಿನೇಟರಿನ ಒಣಗಿದ ಕಂಡೆನ್ಸರ್ ಮೇಲೆ. ಈ ವಾಲ್ವಿನಲ್ಲಿ ಫಿಲಮೆಂಟೇ ಕ್ಯಾಥೋಡ್, ಅಂದರೆ ಇಲೆಕ್ಟ್ರಾನ್ ಹೊರಡುವ ಭಾಗ. ಡಿಸಿ ನಯವಾಗಿ ಇಲ್ಲದಿದ್ದರೆ ಅಲೆ ನೇರ ಸ್ಪೀಕರಿಗೆ ಬರುತ್ತದೆ. 1.4 ವೋಲ್ಟಿನ ಕಡೆಯದು, 90 ವೋಲ್ಟಿನ ಕಡೆಯದು, ಎರಡೂ ಕಂಡೆನ್ಸರ್ ಬದಲಿಸಿ. ಮುಟ್ಟುವ ಮೊದಲು 90 ವೋಲ್ಟಿನ ಕಡೆಯದನ್ನು ರೆಸಿಸ್ಟರ್ ಇಟ್ಟು ಖಾಲಿ ಮಾಡಿಕೊಳ್ಳಿ.

ಆಮೇಲಿನದ್ದು ತುಂಬ ಮುಖ್ಯ. ನಾಲ್ಕು ಫಿಲಮೆಂಟ್ ಪ್ಯಾರಲಲ್ ಆಗಿ ಸೇರಿಸಿದ್ದರೆ ಒಟ್ಟು 125 ಮಿಲಿಆಂಪಿಯರ್ ಎಳೆಯುತ್ತವೆ. ಪ್ಲಗ್ ತೆಗೆದು ನಾಲ್ಕೂ ವಾಲ್ವ್ ಕಿತ್ತಿಡಿ. ಅವುಗಳ ಬದಲು ಅಷ್ಟೇ ಕರೆಂಟ್ ಎಳೆಯುವಂತೆ ಫಿಲಮೆಂಟ್ ಲೈನಿಗೆ 11 ಓಮಿನ ಅರ್ಧ ವಾಟ್ ರೆಸಿಸ್ಟರ್ ಹಾಕಿ. ಮನೆಯ ಕರೆಂಟಿನ ಲೈನಿನಲ್ಲಿ ಸೀರೀಸ್ ಆಗಿ ಒಂದು ಬಲ್ಬ್ ಇಟ್ಟುಕೊಂಡು ಕರೆಂಟ್ ಕೊಟ್ಟು, ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟ್ ಅಳೆಯಿರಿ. 1.4ರ ಹತ್ತಿರ ಬರಬೇಕು, 1.5 ದಾಟಿದರೆ ವಾಲ್ವ್ ಹಾಕಲೇಬೇಡಿ. ಸೆಟ್ ಓಡುವಾಗ ಒಂದೇ ವಾಲ್ವ್ ಕಿತ್ತರೂ ಉಳಿದವಕ್ಕೆ ವೋಲ್ಟ್ ಜಾಸ್ತಿಯಾಗಿ ಫಿಲಮೆಂಟ್ ತುಂಡಾಗಬಹುದು. ಹಾಗೆ ನನ್ನ ಕೈಯಲ್ಲೇ ಒಂದು ಡಿಎಫ್ 96 ಹೋಗಿದೆ, ಇವತ್ತಿಗೂ ಬೇಜಾರು.

ಬಾರ್ಕೂರು ಹುಡುಗ

ಕಂಡೆನ್ಸರ್ ಬದಲಿಸಿದೆ. ರೆಸಿಸ್ಟರ್ ಇಟ್ಟಾಗ 1.38 ವೋಲ್ಟ್ ಬಂತು. ವಾಲ್ವ್ ಹಾಕಿದೆ. ಗುಂಯ್ ಹೋಯಿತು! ರಾತ್ರಿ ಮೀಡಿಯಂ ವೇವ್‌ನಲ್ಲಿ ಸ್ಟೇಷನ್‌ಗಳು ಕೇಳಿಸುತ್ತಿವೆ. ಡಯಲ್ ಗಾಜು ಒರೆಸುವಾಗ 275 ಮೀಟರಿನ ಹತ್ತಿರ ಕೆಂಪು ಬಣ್ಣದ ಒಂದು ಚುಕ್ಕೆ ಕಂಡಿತು. ಅಚ್ಚಿನದ್ದಲ್ಲ. ಒರೆಸಿ ತೆಗೆಯಲಾ?

ಕುಂಜಿಬೆಟ್ಟು ವಾಲ್ವ್

ದಯವಿಟ್ಟು ಬೇಡ. ಮೀಟರನ್ನು ಕಿಲೋಹರ್ಟ್ಸ್ ಮಾಡಲು 3,00,000ವನ್ನು 275ರಿಂದ ಭಾಗಿಸಿ, 1090ರ ಹತ್ತಿರ ಬರುತ್ತದೆ. ಮಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 1089 ಕಿಲೋಹರ್ಟ್ಸ್. ಆ ನಿಲಯ ಶುರುವಾದದ್ದು 1976ರಲ್ಲಿ, ಹಾಗಾಗಿ ನಿಮ್ಮ ಡಯಲಿನಲ್ಲಿ ಅದರ ಹೆಸರಿಲ್ಲ. ಚುಕ್ಕೆ ಇಟ್ಟದ್ದು ಬಹುಶಃ ನಿಮ್ಮ ಅಜ್ಜನೇ.