ಪುಟ್ಟಿಯ ಗೋಡೆಯ ಮೇಲಿನ ಹುಡುಗಿ

ತಂಗಿ, ನಿನ್ನ ಮೆಸೇಜು ಬೆಳಗ್ಗೆಯೇ ಕಣ್ಣಿಗೆ ಬಿತ್ತು. ಬೆರಳಲ್ಲಿ ಒತ್ತಿ ಮುಗಿಸುವಂಥ ಉತ್ತರ ಇದಲ್ಲ, ಅದಕ್ಕೇ ಬಾಯಿಬಿಟ್ಟು ಹೇಳುತ್ತಿದ್ದೇನೆ. ಹುರುಳಿಕಾಯಿ ಹೆಚ್ಚುತ್ತಾ ಮಾತನಾಡುತ್ತಿದ್ದೇನೆ, ನಡುವೆ ಚಾಕುವಿನ ಸದ್ದು ಕೇಳಿದರೆ ಗಾಬರಿಯಾಗಬೇಡ. ಗುಂಪಿನ ಉಳಿದವರು ಬೇಕಾದರೆ ಕೇಳಲಿ, ಬೇಡವಾದರೆ ಎರಡರಷ್ಟು ವೇಗದಲ್ಲಿ ಓಡಿಸಿಕೊಳ್ಳಲಿ.

ನೀನು ಕೇಳಿದ್ದು ಎರಡು ವಿಷಯ. ನಿನ್ನ ಮಗಳು ಪುಟ್ಟಿ ಕೋಣೆಯ ಗೋಡೆಗೆ ಅಂಟಿಸಿಕೊಂಡಿರುವ ಆ ಎತ್ತರದ ಹುಡುಗಿ ಯಾರು ಎಂಬುದು ಒಂದು. ಪುಟ್ಟಿಗೆ ಧಾರಾವಾಹಿಯಲ್ಲಿ ಪಾತ್ರ ಕೊಡುತ್ತೇವೆ ಎಂದು ಬಂದವರಿಗೆ ಹೂಂ ಅನ್ನುವುದೋ ಬೇಡವೋ ಎಂಬುದು ಇನ್ನೊಂದು. ದೊಡ್ಡತ್ತೆ ಆಗಲೇ 'ಬಣ್ಣ ಹಚ್ಚುವವರ ಬಾಳು' ಎಂದು ಶುರು ಮಾಡಿದ್ದಾರೆ. ಚಿಕ್ಕಪ್ಪ ಕೈಮುಗಿದ ಚಿತ್ರವೊಂದನ್ನು ಹಾಕಿ ಜಾರಿಕೊಂಡಿದ್ದಾರೆ. ನಿನ್ನ ಎರಡನೆಯ ಪ್ರಶ್ನೆಗೆ ತೀರ್ಪು ಕೊಡಲು ನಾನು ಯಾರು? ಆದರೆ ಮೊದಲನೆಯದನ್ನು ಬಿಡಿಸುತ್ತಾ ಹೋದರೆ ಎರಡನೆಯದರ ಗಂಟೂ ಸ್ವಲ್ಪ ಸಡಿಲವಾಗುತ್ತದೆ.

ಅವಳು ಹಾಲಿವುಡ್ಡಿನ ನಟಿ, ಹೆಸರು ಜೆಂಡೇಯಾ. ಅಷ್ಟೇ, ಒಂದೇ ಹೆಸರು. ಮನೆತನದ ಹೆಸರು ಕೋಲ್ಮನ್ ಎಂದು ಇದ್ದರೂ ಪರದೆಯ ಮೇಲೆ ಹಾಕಿಕೊಳ್ಳುವುದಿಲ್ಲ. ಆಫ್ರಿಕಾದ ಶೋನಾ ಭಾಷೆಯಲ್ಲಿ ಕೃತಜ್ಞತೆ ಹೇಳುವುದು ಎಂಬ ಅರ್ಥದ ಮಾತಿನಿಂದ ಬಂದ ಹೆಸರು. ನಾನು ಇಲ್ಲಿನ ಕಚೇರಿಗಳಲ್ಲಿ ನನ್ನ ಇನಿಷಿಯಲ್ಲಿನಲ್ಲಿ ಅಡಗಿರುವ ಊರು ಯಾವುದು, ಅಪ್ಪ ಯಾರು ಎಂದು ಬಿಡಿಸಿ ಹೇಳುವಷ್ಟರಲ್ಲಿ ಕ್ಯೂ ಬೆಳೆದಿರುತ್ತದೆ. ಒಂದೇ ಹೆಸರಿಟ್ಟುಕೊಂಡು ಗೆದ್ದವಳನ್ನು ಕಂಡರೆ ಹೊಟ್ಟೆಕಿಚ್ಚು.

ಹುಟ್ಟಿದ್ದು 1996ರ ಸೆಪ್ಟೆಂಬರ್ 1ರಂದು, ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ. ನಾವಿರುವ ಫ್ರೀಮಾಂಟಿನಿಂದ ಅದೇ ರೈಲಿನಲ್ಲಿ ಕುಳಿತರೆ ಸಿಗುವ ಊರು. ಅಪ್ಪ ಕಪ್ಪು ಜನಾಂಗದವರು, ಅಮ್ಮ ಬಿಳಿಯರು, ಇಬ್ಬರೂ ಮೇಷ್ಟ್ರುಗಳು. ಹುಡುಗಿ ಎಷ್ಟು ಸಂಕೋಚದವಳೆಂದರೆ ಒಂದನೇ ತರಗತಿಗೆ ಬಿಡದೆ ಕಿಂಡರ್‌ಗಾರ್ಟನ್‌ನಲ್ಲೇ ಇನ್ನೊಂದು ವರ್ಷ ಕೂರಿಸಿದರಂತೆ. ನಮ್ಮ ಪುಟ್ಟಿ ನೆಂಟರು ಬಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳಲ್ಲ, ಆ ಜಾತಿ.

ಈಗ ನನಗೆ ಇಷ್ಟವಾದ ಭಾಗ. ಓಕ್ಲೆಂಡಿನ ಬೆಟ್ಟ ದಾಟಿದರೆ ಒರಿಂಡಾ ಎಂಬ ಊರಿದೆ. ಅಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳ ನಡುವೆ ಒಂದು ಬಯಲು ರಂಗಮಂದಿರ. ಕ್ಯಾಲಿಫೋರ್ನಿಯಾ ಶೇಕ್ಸ್‌ಪಿಯರ್ ಥಿಯೇಟರ್ ಎಂಬ ಸಂಸ್ಥೆ ಬೇಸಿಗೆಯಲ್ಲಿ ಅಲ್ಲಿ ನಾಟಕ ಆಡಿಸುತ್ತಿತ್ತು. ನಾವೂ ಒಂದು ವರ್ಷ ಹೋಗಿದ್ದೆವು. ಡಬ್ಬಿಯಲ್ಲಿ ಚಿತ್ರಾನ್ನ, ಹೆಗಲ ಮೇಲೆ ಶಾಲು. ಸೂರ್ಯ ಮುಳುಗಿದ ಮೇಲೆ ಗುಡ್ಡದ ಆಚೆಯಿಂದ ಮಂಜು ಇಳಿದು, ಎರಡನೆಯ ಅಂಕದ ಹೊತ್ತಿಗೆ ಹಲ್ಲು ಕಟಕಟ. ಜೆಂಡೇಯಾಳ ಅಮ್ಮ ಶಾಲೆಯ ಪಾಠದ ಜೊತೆಗೆ ಅಲ್ಲಿ ಪ್ರೇಕ್ಷಕರ ಉಸ್ತುವಾರಿಯ ಕೆಲಸವನ್ನೂ ಮಾಡುತ್ತಿದ್ದರು. ಮಗಳನ್ನು ಮನೆಯಲ್ಲಿ ಯಾರ ಬಳಿ ಬಿಡುವುದು? ಜೊತೆಯಲ್ಲೇ ಕರೆತಂದರು. ಆ ಮಗು ಬಂದವರಿಗೆ ಸೀಟು ತೋರಿಸುತ್ತಾ, ನಾಟಕದ ಖರ್ಚಿಗೆ ಲಾಟರಿ ಚೀಟಿ ಮಾರುತ್ತಾ, ಶೇಕ್ಸ್‌ಪಿಯರನ ಮಾತುಗಳು ಕಿವಿಗೆ ಬೀಳುತ್ತಾ ಬೆಳೆಯಿತು. ನಮ್ಮ ಕಡೆ ಮೇಳದವರ ಮಕ್ಕಳು ಚೌಕಿಯಲ್ಲೇ ನಿದ್ದೆ ಮಾಡಿ, ಭಾಗವತರ ಪದ ಬಾಯಿಗೆ ಬಂದಿರುತ್ತಿತ್ತಲ್ಲ, ಹಾಗೆ. ಆಮೇಲೆ ಅಲ್ಲಿಯ ಮಕ್ಕಳ ತರಬೇತಿಗೂ ಸೇರಿದಳು, ಓಕ್ಲೆಂಡಿನ ಕಲಾ ಶಾಲೆಯಲ್ಲೂ ಓದಿದಳು, ಹಿಪ್‌ಹಾಪ್ ತಂಡದಲ್ಲೂ ಹವಾಯಿಯ ಹುಲಾದಲ್ಲೂ ಕುಣಿದಳು. ಸುತ್ತಮುತ್ತಲ ಊರುಗಳ ನಾಟಕಗಳಲ್ಲಿ ಪಾತ್ರ ಸಿಕ್ಕಿತು, ಒಂದರಲ್ಲಂತೂ ಹುಡುಗನಿಗೆಂದು ಬರೆದ ಪಾತ್ರವೇ ಇವಳಿಗೆ. ಅಂದ ಹಾಗೆ, ಆ ನಾಟಕ ಸಂಸ್ಥೆ 2024ರಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು. ಓದಿ ಒಂದು ದಿನವೆಲ್ಲ ಮನಸ್ಸು ಸರಿ ಇರಲಿಲ್ಲ.

ಟಿ.ವಿ.ಯ ಅವಕಾಶಗಳು ಇರುವುದು ಲಾಸ್ ಏಂಜಲೀಸಿನಲ್ಲಿ, ಆರು ಗಂಟೆಯ ಕಾರಿನ ದಾರಿ. ಅಪ್ಪ ಕೆಲಸ ಬಿಟ್ಟು ಮಗಳ ಜೊತೆ ಹೊರಟರು. ಅಮ್ಮ ಓಕ್ಲೆಂಡಿನಲ್ಲೇ ಉಳಿದು ಪಾಠ ಮಾಡುತ್ತಿದ್ದರು. ಇದನ್ನು ನಿಮ್ಮವರಿಗೂ ಕೇಳಿಸು. ಇಬ್ಬರೂ ಕೆಲಸ ಬಿಟ್ಟು ಮಗುವಿನ ಹಿಂದೆ ಹೊರಟಿದ್ದರೆ, ಮನೆಯ ಬಾಡಿಗೆ ಆ ಮಗುವಿನ ಮುಖದ ಮೇಲೆ ನಿಂತಿರುತ್ತಿತ್ತು. ಒಂದು ಸಂಬಳ ಬರುತ್ತಲೇ ಇದ್ದದ್ದರಿಂದಲೇ ಮುಂದೆ ಅವಳು ಬೇಡ ಎನ್ನಲು ಸಾಧ್ಯವಾಯಿತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

2010ರಲ್ಲಿ, 14 ತುಂಬಿದಾಗ, ಡಿಸ್ನಿ ಚಾನೆಲಿನ 'ಶೇಕ್ ಇಟ್ ಅಪ್'. ನೃತ್ಯ ಮಾಡುವ ಇಬ್ಬರು ಗೆಳತಿಯರ ಕಥೆ, ಇವಳು ಅವರಲ್ಲೊಬ್ಬಳು. ಮೂರು ಸೀಸನ್ ಓಡಿತು. 2013ರಲ್ಲಿ ನೃತ್ಯದ ದೊಡ್ಡ ಸ್ಪರ್ಧೆಯೊಂದರಲ್ಲಿ ಎರಡನೆಯ ಸ್ಥಾನ, ಒಂದು ಹಾಡಿನ ಆಲ್ಬಂ. ಅಲ್ಲಿಯವರೆಗೆ ಎಲ್ಲ ಡಿಸ್ನಿ ಹುಡುಗಿಯರ ದಾರಿಯೇ.

ಆಗ ಚಾನೆಲಿನವರು ಇನ್ನೊಂದು ಧಾರಾವಾಹಿಗೆ ಕರೆದರು. ಇವಳಿಗೆ 16. ದೊಡ್ಡವರು ಮೇಜಿನ ಆಚೆ, ಇವಳು ಈಚೆ. ಹೂಂ ಎಂದಳು, ಆದರೆ ಷರತ್ತು ಹಾಕಿ. ನಾನೂ ನಿರ್ಮಾಪಕಿಯಾಗಿರಬೇಕು. ನೀವು ಇಟ್ಟ ಶೀರ್ಷಿಕೆ ಚೆನ್ನಾಗಿಲ್ಲ, ಬದಲಾಗಬೇಕು. ಪಾತ್ರಕ್ಕೆ ಕೇಟಿ ಎಂಬ ಹೆಸರು ನನಗೆ ಹೊಂದುವುದಿಲ್ಲ, ಅದೂ ಬದಲಾಗಬೇಕು. ಆ ಹುಡುಗಿಗೆ ಹಾಡಲು, ಕುಣಿಯಲು ಬರಬಾರದು. ಲೆಕ್ಕದಲ್ಲಿ ಜಾಣೆಯಾಗಿರಲಿ, ಹೊಡೆದಾಟ ಬಲ್ಲವಳಾಗಿರಲಿ, ಹುಡುಗಿಯರು ಇದನ್ನೆಲ್ಲ ಮಾಡಬಹುದು ಎಂದು ಮಕ್ಕಳಿಗೆ ಗೊತ್ತಾಗಲಿ. ಮತ್ತೆ ಕಥೆಯ ಕುಟುಂಬ ಕಪ್ಪು ಜನರದ್ದೇ ಆಗಿರಬೇಕು. 2015ರಲ್ಲಿ ಗೂಢಚಾರ ಹುಡುಗಿಯ ಕಥೆಯಾಗಿ ಅದು ಪ್ರಸಾರವಾದಾಗ ಎಲ್ಲವೂ ಅವಳು ಕೇಳಿದ ಹಾಗೇ ಇತ್ತು. ಹಾಡಿ ಕುಣಿದೇ ಹೆಸರು ಮಾಡಿದವಳು ಹಾಡು ಕುಣಿತವನ್ನೇ ತೆಗೆಯಿರಿ ಎಂದಳಲ್ಲ, ಆ ಲೆಕ್ಕಾಚಾರ ನನಗೆ 40 ದಾಟಿದ ಮೇಲೂ ಬಂದಿಲ್ಲ. ಸಂಬಳ ಎಷ್ಟು ಎಂದು ಕೇಳುವುದನ್ನೇ ಒರಟುತನ ಎಂದು ಕಲಿತು ಬೆಳೆದವರು ನಾವು.

ನಡುವೆ 2014ರಲ್ಲಿ ಇನ್ನೊಂದು. ವಿಮಾನ ಅಪಘಾತದಲ್ಲಿ ತೀರಿಕೊಂಡ ಗಾಯಕಿ ಆಲಿಯಾಳ ಜೀವನದ ಟಿ.ವಿ. ಚಿತ್ರದಲ್ಲಿ ಮುಖ್ಯ ಪಾತ್ರಕ್ಕೆ ಇವಳನ್ನು ಆರಿಸಿದ್ದರು. ಗಾಯಕಿಯ ಮನೆಯವರ ಒಪ್ಪಿಗೆ ಸರಿಯಾಗಿ ಆಗಿಲ್ಲ, ತಯಾರಿಕೆಯೂ ಮನಸ್ಸಿಗೆ ಬರುತ್ತಿಲ್ಲ ಎಂದು ಬಿಟ್ಟುಬಂದಳು. ಮರುವರ್ಷ ಒಂದು ಪತ್ರಿಕೆ ಇವಳ ಸೊಂಟವನ್ನು ಕಂಪ್ಯೂಟರಿನಲ್ಲಿ ಸಣ್ಣದು ಮಾಡಿ ಅಚ್ಚು ಹಾಕಿದಾಗ, ಮೂಲ ಚಿತ್ರವನ್ನೂ ತಿದ್ದಿದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಜನರಿಗೆ ತೋರಿಸಿದಳು. ಪತ್ರಿಕೆ ಆ ಸಂಚಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಪುಟ್ಟಿ ಮೊಬೈಲಿನಲ್ಲಿ ತನ್ನ ಗಲ್ಲ ಸಣ್ಣ ಮಾಡಿಕೊಳ್ಳುತ್ತಾಳೆ ಎಂದು ಹೋದ ತಿಂಗಳು ನೀನೇ ಹೇಳಿದೆಯಲ್ಲ, ಆ ಎರಡು ಚಿತ್ರಗಳನ್ನು ಹುಡುಕಿ ತೋರಿಸು.

ಬಣ್ಣದ ಮಾತೂ ಇದೆ. ಹಾಲಿವುಡ್ಡಿಗೆ ಒಪ್ಪಿಗೆಯಾಗುವಂಥ ಕಪ್ಪು ಹುಡುಗಿ ನಾನು, ನನ್ನ ಮೈಬಣ್ಣ ತಿಳಿಯಾಗಿರುವುದರಿಂದ ನನಗೆ ಬಾಗಿಲು ಬೇಗ ತೆರೆಯುತ್ತದೆ ಎಂಬ ಅರ್ಥದಲ್ಲಿ 2018ರಲ್ಲಿ ಸಭೆಯೊಂದರಲ್ಲಿ ಹೇಳಿದಳು. ನನ್ನನ್ನು ನೋಡಲು ಬಂದವರು 'ಹುಡುಗಿ ಎಣ್ಣೆಗೆಂಪು' ಎಂದು ಹೇಳಿ ಕಳಿಸಿದ್ದು ನಿನಗೆ ನೆನಪಿದೆ. ನಮ್ಮಲ್ಲಿ ತಿಳಿ ಬಣ್ಣದವರು ತಮಗೆ ಅದರಿಂದ ಸಿಕ್ಕ ಲಾಭವನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಸಿನಿಮಾ ವಿಷಯ ಬೇಗ ಹೇಳುತ್ತೇನೆ, ಪುಟ್ಟಿಗೆ ನನಗಿಂತ ಚೆನ್ನಾಗಿ ಗೊತ್ತು. 2017ರಲ್ಲಿ ಸ್ಪೈಡರ್‌ಮ್ಯಾನ್, ಅದೇ ವರ್ಷ ಉಯ್ಯಾಲೆಯಲ್ಲಿ ಹಾರುವ ಸರ್ಕಸ್ಸಿನ ಹುಡುಗಿಯಾಗಿ ಇನ್ನೊಂದು. 2021ರ 'ಡ್ಯೂನ್' ಎರಡೂವರೆ ಗಂಟೆಯ ಚಿತ್ರ, ಅದರಲ್ಲಿ ಇವಳು ಕಾಣುವುದು ಏಳೇ ನಿಮಿಷ. ಎರಡನೆಯ ಭಾಗ 2024ರಲ್ಲಿ ಬಂದಾಗ ಕಥೆಯ ನಡುಮಧ್ಯೆ ನಿಂತಿದ್ದಳು. ಅದೇ ವರ್ಷ ಟೆನ್ನಿಸ್ ಆಟಗಾರ್ತಿಯ ಪಾತ್ರ, ಮೂರು ತಿಂಗಳು ರಾಕೆಟ್ ಹಿಡಿದು ಕಲಿತು ಮಾಡಿದ್ದು.

ಆದರೆ ನಿಜವಾದ ನಟನೆ ನೋಡಬೇಕಾದರೆ 2019ರಲ್ಲಿ ಶುರುವಾದ 'ಯುಫೋರಿಯಾ'. ಅದರಲ್ಲಿ ಮಾದಕ ವಸ್ತುವಿಗೆ ಸಿಕ್ಕಿಬಿದ್ದ 17ರ ಹುಡುಗಿ ಇವಳು. ಎರಡನೆಯ ಸೀಸನ್ನಿನಲ್ಲಿ ಒಂದು ಜಗಳ: ಬಚ್ಚಿಟ್ಟ ಗುಳಿಗೆಗಳು ಸಿಗದೆ, ಅಮ್ಮನ ಮೇಲೆಯೇ ಕೂಗಾಡಿ, ಬಾಗಿಲು ಒದ್ದು, ಮರುಕ್ಷಣ ಮಗುವಿನಂತೆ ಬಿಕ್ಕುತ್ತಾಳೆ. ನಾನು ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದು ಬಂದೆ. 2020ರಲ್ಲಿ ಇದಕ್ಕೆ ಎಮ್ಮಿ ಬಂತು, ಅಮೆರಿಕದ ಟಿ.ವಿ.ಯ ದೊಡ್ಡ ಪ್ರಶಸ್ತಿ, ಡ್ರಾಮಾ ಸರಣಿಯ ಮುಖ್ಯ ನಟಿಯ ವಿಭಾಗದಲ್ಲಿ. ಕೋವಿಡ್ ಕಾಲ, ಸಭಾಂಗಣವಿಲ್ಲ, ಮನೆಯವರ ನಡುವೆ ಕುಳಿತಿದ್ದವಳ ಸುತ್ತ ಹೋ ಎಂಬ ಕೂಗು. 24ರ ವಯಸ್ಸಿಗೆ, ಆ ವಿಭಾಗದಲ್ಲಿ ಗೆದ್ದ ಅತಿ ಚಿಕ್ಕವಳು. 2022ರಲ್ಲಿ ಮತ್ತೊಮ್ಮೆ. ಪುಟ್ಟಿಗೆ ಮಾತ್ರ ಇದನ್ನು ಈಗ ತೋರಿಸಬೇಡ. ಇದು ದೊಡ್ಡವರಿಗೆಂದೇ ಮಾಡಿದ್ದು, ನೋಡಲು ಆಗದಿದ್ದರೆ ಬಿಡಿ ಎಂದು ಅವಳೇ ಅಭಿಮಾನಿಗಳಿಗೆ ಬರೆದಿದ್ದಾಳೆ.

ಕೋವಿಡ್ಡಿನ ಆ ಬೇಸಿಗೆಯಲ್ಲೇ ಇಬ್ಬರೇ ನಟರಿರುವ ಕಪ್ಪುಬಿಳುಪು ಚಿತ್ರವೊಂದನ್ನು ಕಾರ್ಮೆಲ್ ಎಂಬಲ್ಲಿ ಒಂದೇ ಮನೆಯೊಳಗೆ ತೆಗೆದರು, ಇವಳೂ ನಿರ್ಮಾಪಕಿ. ಲೈಟು ಹಿಡಿದವರು, ಸದ್ದು ನೋಡಿಕೊಂಡವರು ಎಲ್ಲರಿಗೂ ಲಾಭದಲ್ಲಿ ಪಾಲು ಇಟ್ಟಿದ್ದರು. ಪ್ರಶಸ್ತಿಗಿಂತ ಇದು ನನಗೆ ಹೆಚ್ಚು.

ದೊಡ್ಡತ್ತೆ, ನಿಮಗೆ ಆ ನೀಲಿ ಸೀರೆ ನೆನಪಿರಬೇಕು. 2023ರಲ್ಲಿ ಮುಂಬೈಯಲ್ಲಿ ಅಂಬಾನಿಯವರ ಕಲಾ ಕೇಂದ್ರ ಉದ್ಘಾಟನೆಗೆ ಬಂದವರ ಚಿತ್ರಗಳನ್ನು ಇದೇ ಗುಂಪಿನಲ್ಲಿ ಹತ್ತು ಸಲ ಕಳಿಸಿದ್ದೀರಿ. ಮಿನುಗುವ ನೀಲಿ ಸೀರೆ ಉಟ್ಟವಳು ಇವಳೇ. 'ರವಿಕೆ ನೋಡಿ' ಎಂದು ನೀವು ಬರೆದ ಟೀಕೆ ಇನ್ನೂ ಇದೆ. ನಿಮ್ಮ ಮುಂದಿನ ಪ್ರಶ್ನೆಗೂ ಉತ್ತರ: ನಿಶ್ಚಿತಾರ್ಥದ ಸುದ್ದಿ 2025ರ ಜನವರಿಯಲ್ಲಿ ಬಂತು, ಹುಡುಗ ಸ್ಪೈಡರ್‌ಮ್ಯಾನ್ ಪಾತ್ರದವನೇ, ಇಂಗ್ಲೆಂಡಿನವನು.

ಈಗ ಪುಟ್ಟಿಯ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಅವಳ ವಯಸ್ಸಿನ ಮಗುವನ್ನು ಸೆಟ್ಟಿನಲ್ಲಿ ಕೆಲಸಕ್ಕೆ ನಿಲ್ಲಿಸಬಹುದಾದದ್ದು, ಶಾಲೆ ಇರುವ ದಿನ, ಐದು ಗಂಟೆ. ಮೂರು ಗಂಟೆ ಅಲ್ಲೇ ಪಾಠವಾಗಬೇಕು, ಅದಕ್ಕೆ ಶಿಕ್ಷಕರು ಇರಲೇಬೇಕು. ದುಡಿಮೆಯ ಶೇಕಡಾ 15 ಯಾರೂ ಮುಟ್ಟಲಾಗದ ಖಾತೆಗೆ ಹೋಗುತ್ತದೆ. ಚಾಪ್ಲಿನ್ ಜೊತೆ ನಟಿಸಿದ ಪುಟ್ಟ ಹುಡುಗ ಜಾಕಿ ಕೂಗನ್ ಇದ್ದನಲ್ಲ, ಅವನು ದುಡಿದದ್ದನ್ನು ಹೆತ್ತವರೇ ಖರ್ಚು ಮಾಡಿಬಿಟ್ಟಿದ್ದರು. ಆ ಗಲಾಟೆಯಿಂದ 1939ರಲ್ಲಿ ಬಂದ ಕಾನೂನು ಅದು. ನಮ್ಮ ಭಾರತದಲ್ಲೂ ನಿಯಮವಿದೆ, 2017ರಿಂದ. 14 ತುಂಬದ ಮಗುವಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವ ಹಾಗಿಲ್ಲ, ಗಳಿಕೆಯ ಕನಿಷ್ಠ ಶೇಕಡಾ 20 ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿಯಾಗಬೇಕು, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಪುಟ್ಟಿಗೆ 13. ಬಂದವರನ್ನು ಇದನ್ನೇ ಕೇಳು. ಅನುಮತಿ ಯಾಕೆ ಮೇಡಂ, ಎಲ್ಲ ನಾವು ನೋಡಿಕೊಳ್ಳುತ್ತೇವೆ ಎಂದರೆ ಕಾಫಿ ಕೊಟ್ಟು ಕಳಿಸು.

ನೀನು ಹಾಕಿದ ಒಪ್ಪಂದದ ಫೋಟೋದಲ್ಲಿ ಎರಡನೆಯ ಪುಟದ ಕೆಳಗಿನ ಅರ್ಧ ಕತ್ತರಿಸಿಹೋಗಿದೆ. ಎಷ್ಟು ವರ್ಷ ಬೇರೆ ಕಡೆ ನಟಿಸುವ ಹಾಗಿಲ್ಲ ಎಂಬುದು ಸಾಮಾನ್ಯವಾಗಿ ಅಂಥ ಕಡೆಯೇ ಇರುತ್ತದೆ. ಬೆಳಕಿನಲ್ಲಿ ಇಟ್ಟು ಇನ್ನೊಮ್ಮೆ ತೆಗೆದು ನನಗೊಬ್ಬಳಿಗೆ ಕಳಿಸು, ಗುಂಪಿಗೆ ಬೇಡ. ಮತ್ತೆ, ಇಷ್ಟು ಜನ ಮಾತನಾಡಿದ್ದೇವೆ, ಪುಟ್ಟಿಯ ಒಂದು ಮಾತೂ ಇಲ್ಲಿಯವರೆಗೆ ಬಂದಿಲ್ಲ. ಅವಳಿಗೆ ಒಂದು ಹಾಳೆ ಕೊಡು. ಪಾತ್ರ ಒಪ್ಪಿದರೆ ತನಗೆ ಏನೇನು ಬೇಕು, ಏನೇನು ಬೇಡ ಎಂದು ಬರೆಯಲಿ, ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ. ಶನಿವಾರ ನಿಮ್ಮ ಬೆಳಗ್ಗೆ ಎಂಟಕ್ಕೆ ಫೋನು ಮಾಡುತ್ತೇನೆ, ಆಗ ಅವಳೇ ಓದಿ ಹೇಳಲಿ.